ತೊಂಬತ್ತನಾಲ್ಕು ಮತಗಳು

1933ನೆಯ ಇಸವಿಯ ಮಾರ್ಚ್ 23ನೆಯ ದಿನ. ಜರ್ಮನಿಯ ರಾಜಧಾನಿಯಾದ ಬರ್ಲಿನ್ ನಗರದ ಒಂದು ನಾಟಕಶಾಲೆಯಲ್ಲಿ ಆ ದೇಶದ ಸಂಸತ್ತು ಸೇರಿತ್ತು. ಹಿಂದಿನ ತಿಂಗಳು ಸಂಸತ್ ಭವನವು ಬೆಂಕಿಗೆ ಆಹುತಿಯಾಗಿದ್ದುದರಿಂದ ಸಭೆಗೆ ಈ ಸ್ಥಳವನ್ನು ಗೊತ್ತುಮಾಡಲಾಗಿತ್ತು. ನಾಜಿ ಪಕ್ಷದ ಸಮವಸ್ತ್ರಧಾರಿಗಳು ಒಳಗೂ ಹೊರಗೂ ನೆರೆದು ವಿರೋಧಿಗಳನ್ನು ಬೆದರಿಸುತ್ತಿದ್ದರು. ಸಂಸತ್ತಿನ ಒಪ್ಪಿಗೆಯಿಲ್ಲದೆಯೇ ಶಾಸನಗಳನ್ನು ಮಾಡುವ ಅಧಿಕಾರವನ್ನು ನಾಲ್ಕು ವರ್ಷಗಳ ಕಾಲ ಹಿಟ್ಲರನ ಸರ್ಕಾರಕ್ಕೆ ಕೊಡುವ ಮಸೂದೆಯು ಅಂದು ಚರ್ಚೆಗೆ ಬಂದಿತ್ತು. ಸಂಸತ್ತು ತನ್ನ ಕೈಗಳನ್ನು ತಾನೇ ಕಟ್ಟಿಕೊಳ್ಳಬೇಕೆಂಬುದೇ ಅದರ ಅರ್ಥ.

ಇಂಥ ದುಃಸ್ಥಿತಿ ಒಂದೇ ದಿನದಲ್ಲಿ ಒದಗಿದುದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು 1919ರಲ್ಲಿ ಉದಾರವಾದ ಒಂದು ಸಂವಿಧಾನವನ್ನು ರಚಿಸಿಕೊಂಡಿತು. ಸ್ತ್ರೀಪುರುಷರಿಬ್ಬರಿಗೂ ಮತದಾನದ ಹಕ್ಕು, ಮಾತಿನ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಎಲ್ಲವೂ ಅದರಲ್ಲಿದ್ದವು. ಆದರೆ ಆ ಗಣರಾಜ್ಯವನ್ನು ಸೋಲಿನ ಕೂಸೆಂದು ಹಳಿಯುವವರು ಬಹಳ ಮಂದಿಯಿದ್ದರು. 1923ರಲ್ಲಿ ನಾಣ್ಯದ ಬೆಲೆ ಕುಸಿದು ಜನರ ಉಳಿತಾಯವೆಲ್ಲ ಮಣ್ಣುಪಾಲಾಯಿತು. 1929ರಲ್ಲಿ ಜಗತ್ತಿಗೇ ಆರ್ಥಿಕ ಮುಗ್ಗಟ್ಟು ಕವಿಯಿತು. 1932ರ ಆರಂಭದ ವೇಳೆಗೆ ಜರ್ಮನಿಯ ನಿರುದ್ಯೋಗಿಗಳ ಸಂಖ್ಯೆ ಸುಮಾರು 60 ಲಕ್ಷವನ್ನು ಮುಟ್ಟಿತು.

ಹಸಿವು ಅವಮಾನಗಳಿಂದ ಬೆಂದ ಜನಕ್ಕೆ ಸುಲಭವಾದ ಉತ್ತರ ಬೇಕಾಗಿತ್ತು. ಸಕಲ ಕಷ್ಟಗಳಿಗೂ ಯಹೂದಿಯರೇ ಕಾರಣರೆಂಬ ಹಸಿಸುಳ್ಳನ್ನು ನಾಜಿಗಳು ಊರೂರಿಗೂ ಹರಡಿದರು. 1928ರಲ್ಲಿ ಕೇವಲ 12 ಸ್ಥಾನಗಳನ್ನು ಗಳಿಸಿದ್ದ ಆ ಪಕ್ಷಕ್ಕೆ 1930ರಲ್ಲಿ 107, 1932ರ ಜುಲೈಯಲ್ಲಿ 230 ಸ್ಥಾನಗಳು ದೊರೆತವು.

ಹಾಗಿದ್ದರೂ ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲಿಯೂ ನಾಜಿಗಳಿಗೆ ಬಹುಮತ ಬರಲಿಲ್ಲ. 1932ರ ನವೆಂಬರಿನಲ್ಲಿ ಅವರ ಸ್ಥಾನಗಳು 196ಕ್ಕೆ ಇಳಿದಿದ್ದವು. ಮತ್ತೆ ಅಧಿಕಾರ ಅವರ ಕೈಸೇರಿದುದು ಹೇಗೆ? ಅವರನ್ನು ವಿರೋಧಿಸುವ ಪಕ್ಷಗಳು ತಮ್ಮತಮ್ಮಲ್ಲೇ ಕಾದಾಡುತ್ತಿದ್ದವು. 1930ರಿಂದಲೇ ಸಂಸತ್ತನ್ನು ಬದಿಗೊತ್ತಿ ಅಧ್ಯಕ್ಷರ ತುರ್ತು ಆಜ್ಞೆಗಳ ಮೂಲಕ ಆಡಳಿತ ನಡೆಸುವುದು ರೂಢಿಯಾಗಿತ್ತು. ಹಿಟ್ಲರನನ್ನು ಹತ್ತಿರಕ್ಕೆ ಕರೆದು ಅಂಕೆಯಲ್ಲಿಟ್ಟುಕೊಳ್ಳಬಹುದೆಂದು ಕೆಲವು ಮುಖಂಡರು ಬಗೆದರು. 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಪ್ರಧಾನಿಯಾಗಿ ನೇಮಿಸಿದರು. ಒಂದು ತಿಂಗಳು ಕಳೆಯುವುದರೊಳಗೆ, ಭವನದ ಬೆಂಕಿಯನ್ನೇ ನೆಪಮಾಡಿಕೊಂಡು, ನಾಗರಿಕರ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡಲಾಯಿತು. ಇದೆಲ್ಲವೂ ಕಾನೂನಿನ ವೇಷದಲ್ಲಿಯೇ ನಡೆಯಿತು.

ಅಂದಿನ ಸಭೆಗೆ ಕಮ್ಯೂನಿಸ್ಟ್ ಸದಸ್ಯರು ಬರುವಂತಿರಲಿಲ್ಲ. ಅವರಲ್ಲಿ ಕೆಲವರು ಸೆರೆಯಲ್ಲಿದ್ದರು, ಕೆಲವರು ತಲೆಮರೆಸಿಕೊಂಡಿದ್ದರು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ನಾಯಕ ಒಟ್ಟೊ ವೆಲ್ಸ್ ಎದ್ದುನಿಂತರು. ತಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ಕಸಿಯಬಹುದು, ಆದರೆ ಮಾನವನ್ನು ಕಸಿಯಲಾಗದು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಹಿಟ್ಲರನು ರೋಷದಿಂದ ಎದ್ದು ಅವರನ್ನು ಮೂದಲಿಸಿದನು. ಉಳಿದ ಪಕ್ಷಗಳು ಭಯದಿಂದಲೋ ಭರವಸೆಯ ಮಾತುಗಳನ್ನು ನಂಬಿಯೋ ತಲೆಬಾಗಿದವು. ಮಸೂದೆಯ ಪರವಾಗಿ 444 ಮತಗಳು ಬಿದ್ದವು. ವಿರುದ್ಧವಾಗಿ ಬಿದ್ದುವು 94. ಅವೆಲ್ಲವೂ ವೆಲ್ಸ್ ಅವರ ಪಕ್ಷದವು.

ಜೂನ್ ತಿಂಗಳಲ್ಲಿ ಆ ಪಕ್ಷವನ್ನು ನಿಷೇಧಿಸಲಾಯಿತು. ಜುಲೈಯಲ್ಲಿ ನಾಜಿ ಪಕ್ಷವೊಂದೇ ಇರತಕ್ಕದ್ದೆಂದು ಶಾಸನವಾಯಿತು. ಪರದೇಶ ಸೇರಿದ ವೆಲ್ಸ್ 1939ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ನಾಜಿಗಳ ಕ್ರೌರ್ಯಕ್ಕೆ ಸುಮಾರು 60 ಲಕ್ಷ ಯಹೂದಿಯರು ಬಲಿಯಾದರು.

ಹಾಗಾದರೆ ಆ 94 ಮತಗಳು ವ್ಯರ್ಥವಾದವೆ? ಆ ಸದಸ್ಯರಲ್ಲೊಬ್ಬರಾದ ಕುರ್ಟ್ ಶೂಮಾಖರ್ ಅನೇಕ ವರ್ಷಗಳನ್ನು ಸೆರೆಶಿಬಿರಗಳಲ್ಲಿ ಕಳೆದು, ಯುದ್ಧಾನಂತರ ಪಕ್ಷವನ್ನು ಮತ್ತೆ ಕಟ್ಟಿದರು. 1949ರಲ್ಲಿ ಪಶ್ಚಿಮ ಜರ್ಮನಿಯು ರೂಪಿಸಿಕೊಂಡ ಸಂವಿಧಾನದ ಮೊದಲನೆಯ ವಿಧಿಯೇ ಮಾನವನ ಘನತೆಗೆ ಚ್ಯುತಿ ಬರಕೂಡದೆಂದು ಸಾರಿತು. ಎಷ್ಟೇ ದೊಡ್ಡ ಬಹುಮತವಿದ್ದರೂ ಆ ತತ್ತ್ವವನ್ನು ತೊಡೆದುಹಾಕುವಂತಿಲ್ಲವೆಂದು ಅದೇ ಸಂವಿಧಾನವು ವಿಧಿಸಿತು. ಅಂದು ಸೋತ ಮಾತು ಹದಿನಾರು ವರ್ಷಗಳ ಮೇಲೆ ನಾಡಿನ ಶಾಸನವಾಯಿತು.

ಪ್ರಜಾಪ್ರಭುತ್ವವೆಂದರೆ ತಲೆಗಳನ್ನು ಎಣಿಸುವುದಷ್ಟೇ ಅಲ್ಲ; ಸೋತವನ ಮಾತಿಗೂ ಎಡೆಯಿರುವುದು ಅದರ ಜೀವಾಳ. ಎದುರಾಳಿಯನ್ನು ದೇಶದ ವೈರಿಯೆಂದು ಕರೆಯುವುದು, ಎಲ್ಲ ಕೇಡಿಗೂ ಒಂದೇ ಪಂಗಡವನ್ನು ಹೊಣೆಮಾಡುವುದು, ಪ್ರಶ್ನೆಯನ್ನೇ ದ್ರೋಹವೆಂದು ಬಗೆಯುವುದು ಉಗ್ರವಾದದ ಮೊದಲ ಲಕ್ಷಣಗಳು. ಅವನ್ನು ಮೊಳಕೆಯಲ್ಲಿಯೇ ಗುರುತಿಸಿ, ಅಲ್ಲವೆಂದು ಹೇಳಬಲ್ಲ ಪ್ರಜೆಗಳಿರುವಲ್ಲಿ ಸ್ವಾತಂತ್ರ್ಯಕ್ಕೆ ಕಾವಲಿರುತ್ತದೆ.