ಅಚ್ಚಾಗುವ ಮುನ್ನ

ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಥಣಿಗೆ ಬಂದಿದ್ದನು. ಧಾರವಾಡದಲ್ಲಿ ಸಂಶೋಧನೆ ನಡೆಸುತ್ತಿರುವ ಆ ತರುಣನ ವಿಷಯ ನಮ್ಮ ಕೃಷ್ಣಾತೀರದ ಸವಳು-ಜವಳು ಭೂಮಿ. ಕಬ್ಬಿಗೆ ಮಿತಿಮೀರಿ ನೀರುಣಿಸಿದ್ದರಿಂದ ಉಪ್ಪು ಮೇಲೆದ್ದು ಬೆಳ್ಳಗಾಗಿ ಬಿದ್ದಿರುವ ಹೊಲಗಳನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ನೆಲದಡಿಯಲ್ಲಿ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿದು ತೆಗೆಯುವ ಕ್ರಮವನ್ನು ಕುರಿತು ಅವನು ಪ್ರಬಂಧವೊಂದನ್ನು ಬರೆದು ವಿದ್ವತ್ಪತ್ರಿಕೆಗೆ ಕಳುಹಿಸಿದ್ದನು. ಅದು ಅಚ್ಚಾಗಲು ಇನ್ನೂ ಒಂದು ವರ್ಷ ಬೇಕಂತೆ.

"ಅಲ್ಲಿಯತನಕ ನಿಮ್ಮ ಕಾಕಾನ ಹೊಲ ಕಾಯಬೇಕೇನಪ್ಪಾ?" ಎಂದೆ.

"ಸರ, ಅಚ್ಚಾಗೂಕಿಂತ ಮೊದಲ ಎಲ್ಲಾರಿಗೂ ಹಂಚಿದ್ರ, ಯಾರರ ತಮ್ಮ ಹೆಸರೀಲೆ ಹಾಕ್ಕೊಂಡ್ರ ಏನ್ ಮಾಡ್ಲಿರಿ?" ಎಂದನು.

ಅವನ ಅಂಜಿಕೆ ಹುರುಳಿಲ್ಲದ್ದಲ್ಲ. ಆದರೂ ನಾನು ಅವನಿಗೆ 1928ರ ಒಂದು ಪ್ರಸಂಗವನ್ನು ಹೇಳಿದೆನು.

ಆ ವರ್ಷದ ಫೆಬ್ರವರಿ 28ರಂದು ಕಲಕತ್ತೆಯ ಪ್ರಯೋಗಶಾಲೆಯಲ್ಲಿ ಸರ್ ಸಿ. ವಿ. ರಾಮನ್ನರೂ ಅವರ ಶಿಷ್ಯ ಕೆ. ಎಸ್. ಕೃಷ್ಣನ್ನರೂ ಒಂದು ಅಪೂರ್ವ ವಿದ್ಯಮಾನವನ್ನು ನಿಶ್ಚಯಪಡಿಸಿಕೊಂಡರು. ಶುದ್ಧ ದ್ರವದಲ್ಲಿ ಹಾದು ಚದುರಿದ ಬೆಳಕಿನಲ್ಲಿ, ಒಳಹೊಕ್ಕ ಬೆಳಕಿನಲ್ಲಿಲ್ಲದ ಬೇರೆ ಬಣ್ಣವೂ ಸೇರಿತ್ತು. ರಾಮನ್ನರು ಅದನ್ನು ಬಚ್ಚಿಟ್ಟುಕೊಂಡು ಕುಳಿತುಕೊಳ್ಳಲಿಲ್ಲ. ಒಂದೆರಡು ದಿನಗಳಲ್ಲಿಯೇ ವಾರ್ತೆ ವೃತ್ತಪತ್ರಿಕೆಗಳಿಗೆ ಹೋಯಿತು. ಮಾರ್ಚ್ 16ರಂದು ಅವರು ನಮ್ಮ ಬೆಂಗಳೂರಿಗೆ ಬಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ತುಂಬಿದ ವಿದ್ವಾಂಸರ ಮುಂದೆ 'ಒಂದು ನೂತನ ವಿಕಿರಣ' ಎಂಬ ಉಪನ್ಯಾಸವಿತ್ತು ಎಲ್ಲವನ್ನೂ ಬಿಚ್ಚಿ ಹೇಳಿದರು. ಆ ಉಪನ್ಯಾಸವು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದದ್ದು ಅನಂತರ, ಮಾರ್ಚ್ 31ರಂದು. ಅದರ ಪ್ರತಿಗಳು ಅಂಚೆಯ ಮೂಲಕ ದೇಶವಿದೇಶಗಳ ವಿಜ್ಞಾನಿಗಳ ಕೈಸೇರಿದವು. ಅಮೆರಿಕೆಯ ಆರ್. ಡಬ್ಲ್ಯು. ವುಡ್ ಎಂಬ ಪ್ರಸಿದ್ಧ ವಿಜ್ಞಾನಿ ತಾನೇ ಪ್ರಯೋಗಮಾಡಿ ನೋಡಿ ನಿಜವೆಂದನು. ಜರ್ಮನಿಯ ಪ್ರಿಂಗ್ಸ್‌ಹೈಮ್ ಅದಕ್ಕೆ 'ರಾಮನ್ ಪರಿಣಾಮ' ಎಂದು ಹೆಸರಿಟ್ಟನು. ಕದಿಯುವರೆಂಬ ಭಯಕ್ಕೆ ಎಡೆಯೆಲ್ಲಿ? ಹಂಚಿದವನ ಹೆಸರೇ ಆ ಬೆಳಕಿಗೆ ಅಂಟಿಕೊಂಡಿತು.

ಅತ್ತ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ ಎಂಬಿಬ್ಬರು ಸ್ಫಟಿಕದಲ್ಲಿ ಅದೇ ವಿದ್ಯಮಾನವನ್ನು ಫೆಬ್ರವರಿ 21ರಂದೇ, ಎಂದರೆ ಒಂದು ವಾರ ಮೊದಲೇ, ಕಂಡಿದ್ದರು. ಅವರ ಪ್ರಬಂಧ ಅಚ್ಚಾಗಿ ಬಂದದ್ದು ಜುಲೈ ತಿಂಗಳಿನಲ್ಲಿ. 1930ರ ನೊಬೆಲ್ ಪಾರಿತೋಷಕ ರಾಮನ್ನರೊಬ್ಬರಿಗೇ ಸಂದಿತು. ರಷ್ಯದ ವಿದ್ವಾಂಸರಿಗೆ ಆ ಕೊರಗು ಬಹುಕಾಲ ಉಳಿಯಿತೆಂದರೆ ಅವರನ್ನು ಹಳಿಯಲಾಗದು.

ಈಗ ಅಂಚೆಯ ಕೆಲಸವನ್ನು ಗಣಕಯಂತ್ರವೇ ಮಾಡುತ್ತದೆ. 1991ರಲ್ಲಿ ಅಮೆರಿಕೆಯ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಮುದ್ರಣಪೂರ್ವ ಪ್ರಬಂಧಗಳಿಗಾಗಿ ಒಂದು ಸಾರ್ವಜನಿಕ ಭಂಡಾರವನ್ನು ತೆರೆದನು. ಅಲ್ಲಿ ಪ್ರತಿಯೊಂದು ಪ್ರಬಂಧದ ಮೇಲೂ ತಾರೀಖು ಬೀಳುವುದರಿಂದ ಮೊದಲಿಗರಾರೆಂಬ ವ್ಯಾಜ್ಯ ಬಹುಮಟ್ಟಿಗೆ ತಪ್ಪುತ್ತದೆ.

ಹಾಗೆಂದು ಇದರಲ್ಲಿ ಅಪಾಯವಿಲ್ಲವೆಂದಲ್ಲ. 2020ರ ಜನವರಿಯ ಕೊನೆಯಲ್ಲಿ ದೆಹಲಿಯ ಕೆಲವು ಸಂಶೋಧಕರು, ಕೊರೋನಾ ವೈರಾಣುವಿನಲ್ಲಿ ಏಡ್ಸ್ ವೈರಾಣುವಿನ ತುಣುಕುಗಳಿವೆಯೆಂಬಂತೆ ಪ್ರಬಂಧವೊಂದನ್ನು ಮುದ್ರಣಕ್ಕೆ ಮೊದಲೇ ಹೊರಗಿಟ್ಟರು. ಬಲ್ಲವರು ತಪ್ಪನ್ನು ಎತ್ತಿ ತೋರಿಸಿದ್ದರಿಂದ ಎರಡೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಗಾಳಿಸುದ್ದಿಯನ್ನು ಮಾತ್ರ ಹಿಂತೆಗೆದುಕೊಳ್ಳಲಾಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರು, ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧಿಯು ಕೃತಕ ಉಸಿರಾಟದಲ್ಲಿದ್ದ ರೋಗಿಗಳ ಮರಣವನ್ನು ಸುಮಾರು ಮೂರನೆಯ ಒಂದಂಶದಷ್ಟು ತಗ್ಗಿಸುವುದೆಂದು ಪತ್ರಿಕೆಯಲ್ಲಿ ಪ್ರಕಟವಾಗುವುದಕ್ಕೆ ಒಂದು ತಿಂಗಳು ಮೊದಲೇ ಸಾರಿದರು. ಆ ಒಂದು ತಿಂಗಳಲ್ಲಿ ಉಳಿದ ಜೀವಗಳನ್ನು ಎಣಿಸುವವರಾರು?

ತರುಣನು ಬಹಳ ಹೊತ್ತು ಸುಮ್ಮನಿದ್ದನು. ಮರುದಿನ ತನ್ನ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆದು, ಮೇಲೆ ಕೆಂಪು ಶಾಯಿಯಲ್ಲಿ 'ಇದು ಇನ್ನೂ ತಜ್ಞರ ಪರಿಶೀಲನೆಗೆ ಒಳಪಟ್ಟಿಲ್ಲ' ಎಂದು ನಮೂದಿಸಿ ತಂದನು. ಅವನ ಕಾಕಾ ಕನ್ನಡಕ ಏರಿಸಿಕೊಂಡು ಸಾವಧಾನವಾಗಿ ಓದಿ ಮುಗಿಸಿ ಕೇಳಿದರು:

"ನಮ್ಮ ಹೊಲದಾಗಿನ ಉಪ್ಪುನೀರು ಹೊರಗ ಹೋತು ಅನ್ನು, ಖರೆ. ಕೆಳಗಿನ ಹೊಲದಾಂವ ಏನ್ ಮಾಡಬೇಕೋ ತಮ್ಮಾ?"

ಪ್ರಬಂಧದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವನು ಜೇಬಿನಿಂದ ಪೆನ್ನು ತೆಗೆದು ಆ ಪ್ರಶ್ನೆಯನ್ನು ಕಾಗದದ ಅಂಚಿನಲ್ಲಿ ಬರೆದುಕೊಂಡನು.