ದರಿಯಾ ದೌಲತ್ತಿನ ಗೋಡೆಗಳು

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಉದ್ಯಾನದ ನಡುವೆ ಎತ್ತರವಾದ ಜಗಲಿಯ ಮೇಲೆ ದರಿಯಾ ದೌಲತ್ ಅರಮನೆ ನಿಂತಿದೆ. ಟಿಪ್ಪು ಸುಲ್ತಾನನು ಬೇಸಗೆಯ ವಿಹಾರಕ್ಕಾಗಿ 1784ರಲ್ಲಿ ಇದನ್ನು ಕಟ್ಟಿಸಿದನು. ಹೊರಗಿನಿಂದ ನೋಡಿದರೆ ಇದು ಅಷ್ಟೇನೂ ಭವ್ಯವೆನಿಸದು. ಆದರೆ ಮರದ ಕಂಬಗಳ ಮೊಗಸಾಲೆಯನ್ನು ಪ್ರವೇಶಿಸಿದೊಡನೆ ನೋಡುವವರು ಬೆರಗಾಗುತ್ತಾರೆ. ಗೋಡೆ, ಕಂಬ, ಛಾವಣಿಗಳಲ್ಲಿ ಬಣ್ಣವಿಲ್ಲದ ಜಾಗವೇ ಇಲ್ಲವೆನ್ನಬಹುದು.

ಪಶ್ಚಿಮದ ಗೋಡೆಯ ಒಂದು ಪಕ್ಕದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಮೆರವಣಿಗೆಗಳಿವೆ. ಇನ್ನೊಂದು ಪಕ್ಕದಲ್ಲಿ ಪೊಳ್ಳಿಲೂರಿನ ಯುದ್ಧ. ಕಾಂಚೀಪುರದ ಸಮೀಪದ ಆ ಊರಿನಲ್ಲಿ 1780ರ ಸೆಪ್ಟೆಂಬರ್ 10ರಂದು ಮೈಸೂರಿನ ಸೈನ್ಯವು ಕರ್ನಲ್ ಬೈಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿತು. ಚಿತ್ರದಲ್ಲಿ ಕುದುರೆ ಸವಾರರು ಸಾಲುಸಾಲಾಗಿ ನುಗ್ಗುತ್ತಿದ್ದಾರೆ; ಮದ್ದುಗುಂಡಿನ ಬಂಡಿಯೊಂದು ಸಿಡಿದು ಉರಿಯುತ್ತಿದೆ; ಸೈನಿಕರ ನಡುವೆ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸೆರೆಸಿಕ್ಕ ಆತನು 1782ರಲ್ಲಿ ಇದೇ ಶ್ರೀರಂಗಪಟ್ಟಣದಲ್ಲಿ ಮರಣ ಹೊಂದಿದನು.

ಇದು ಗೆದ್ದವರು ಬರೆಯಿಸಿದ ಚಿತ್ರ. ಆದುದರಿಂದ ಗೆಲುವಿನ ಸಂಭ್ರಮ ಇದರಲ್ಲಿ ಎದ್ದು ಕಾಣುತ್ತದೆ. ಸತ್ತವರ ಮನೆಗಳ ದುಃಖ ಕಾಣುವುದಿಲ್ಲ. ಚಿತ್ರವನ್ನು ಚರಿತ್ರೆಯೆಂದು ಓದುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಗೋಡೆಗಳ ಮುಂದಿನ ಕಥೆಯೂ ಸ್ವಾರಸ್ಯವಾದುದು. ಟಿಪ್ಪುವಿನ ಕಾಲದಲ್ಲಿಯೇ ಚಿತ್ರಗಳ ಮೇಲೆ ಸುಣ್ಣ ಬಳಿಯಲಾಗಿತ್ತೆಂದು ಹೇಳುತ್ತಾರೆ. 1799ರಲ್ಲಿ ಟಿಪ್ಪು ಮಡಿದ ತರುವಾಯ ಇಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಅವುಗಳನ್ನು ಸರಿಪಡಿಸಿದನು. ಅವು ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಹಳೆಯ ಚಿತ್ರಗಳನ್ನು ಬಲ್ಲ ಕಲಾವಿದನೊಬ್ಬನು ಪುನಃ ಬಣ್ಣ ತುಂಬಿದನೆಂಬುದು ಪ್ರತೀತಿ. ತಮ್ಮವರ ಸೋಲನ್ನು ಸಾರುವ ಚಿತ್ರವನ್ನು ಅಳಿಸಿಬಿಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೂ ಅವರು ಅದನ್ನು ಉಳಿಸಿದರು. ಹೀಗೆ ಇಂದು ನಾವು ಕಾಣುವ ಗೋಡೆಯಲ್ಲಿ ಒಬ್ಬರದಲ್ಲ, ಹಲವರ ಕೈಗಳ ಕೆಲಸವಿದೆ.

ಇಂದು ಈ ಅರಮನೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಬಿಸಿಲು ನೇರವಾಗಿ ತಾಗಿದರೆ ಬಣ್ಣ ಮಾಸುತ್ತದೆ. ಬೆರಳುಗಳ ಬೆವರು ಮತ್ತು ಜಿಡ್ಡು ದಿನದಿನಕ್ಕೂ ಅದನ್ನು ಸವೆಸುತ್ತವೆ. ಮೊಳೆಯಿಂದ ಹೆಸರು ಕೊರೆಯುವವನು ಒಂದು ಕ್ಷಣದಲ್ಲಿ ಮಾಡುವ ಹಾನಿಯನ್ನು ಯಾವ ಕುಶಲಕರ್ಮಿಯೂ ಪೂರ್ತಿಯಾಗಿ ಸರಿಪಡಿಸಲಾರನು. ಹಗೆಗಳೇ ಕಾಪಾಡಿದ ಈ ಸಂಪತ್ತನ್ನು ನಮ್ಮವರೇ ಕೆಡಿಸಿದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ. ಕೈ ಕಟ್ಟಿ, ಕಣ್ತುಂಬ ನೋಡಿ ಬರುವುದೇ ನಾವು ಈ ಚಿತ್ರಗಳಿಗೆ ಸಲ್ಲಿಸಬಹುದಾದ ಗೌರವ.