ಗಂಡೋ ಹೆಣ್ಣೋ? ಅವಸರ ಬೇಡ!

ಮಕ್ಕಳೇ, ಮೊಟ್ಟೆಯೊಡೆದು ಹೊರಬಂದ ಕೋಳಿಮರಿಗಳನ್ನು ನೋಡಿದ್ದೀರಲ್ಲವೇ? ಅವುಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು? ಮೊದಲ ದಿನವೇ ಹೇಳುವುದು ಕಷ್ಟ. ಜುಟ್ಟು ಬೆಳೆದು ಕೆಂಪಾದ ಮೇಲೆ ಹುಂಜದ ಗುರುತು ಸಿಗುತ್ತದೆ. ಆಫ್ರಿಕದ ಒಂದು ಮೀನಿನ ಸಂಗತಿಯೂ ಹೀಗೆಯೇ.

ಪೂರ್ವ ಆಫ್ರಿಕದಲ್ಲಿ ಮಲಾವಿ ಎಂಬ ಸರೋವರವಿದೆ. ಭೂಪಟದಲ್ಲಿ ಹುಡುಕಿ. ಅದರ ಉದ್ದ 550 ಕಿ.ಮೀ.ಗೂ ಹೆಚ್ಚು, ಗರಿಷ್ಠ ಆಳ ಸುಮಾರು 700 ಮೀಟರ್. ಸಿಕ್ಲಿಡ್ ಎಂಬ ಕುಟುಂಬದ ನೂರಾರು ಜಾತಿಯ ಮೀನುಗಳು ಅಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಪ್ರಪಂಚದ ಬೇರೆಲ್ಲೂ ಇಲ್ಲ. ಸಯೀನೋಕ್ರೋಮಿಸ್ ಫ್ರೈಯೆರಿ ಅವುಗಳಲ್ಲಿ ಒಂದು. ಜೆಫ್ರಿ ಫ್ರೈಯರ್ ಎಂಬ ಜೀವವಿಜ್ಞಾನಿಯ ಗೌರವಾರ್ಥವಾಗಿ 1993ರಲ್ಲಿ ಈ ಹೆಸರನ್ನು ಇಡಲಾಯಿತು.

ಬೆಳೆದ ಗಂಡು ಮೀನು ಹೊಳೆಯುವ ನೀಲಿ. ಹೆಣ್ಣು ಬೂದು ಬಣ್ಣ. ಮರಿಗಳೆಲ್ಲವೂ ಬೂದು! ಗಂಡು ಮರಿಗೆ ನೀಲಿ ಬಣ್ಣ ಬರಲು ಹಲವು ತಿಂಗಳು ಬೇಕು.

ಏಕೆ ಇಷ್ಟು ತಡ?

ಹೊಳೆಯುವ ಮರಿ ಬೇಟೆಯಾಡುವ ಮೀನುಗಳ ಕಣ್ಣಿಗೆ ಬೇಗ ಬೀಳುತ್ತದೆ. ಅಲ್ಲದೆ, ನೀಲಿ ಬಣ್ಣ ತೋರಿದ ಗಂಡನ್ನು ದೊಡ್ಡ ಗಂಡು ಮೀನು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಆದ್ದರಿಂದ ಒಂದೇ ತೊಟ್ಟಿಯಲ್ಲಿರುವ ದುರ್ಬಲ ಗಂಡು ಮೀನು ಬೆಳೆದ ಮೇಲೂ ಬೂದಾಗಿಯೇ ಉಳಿಯಬಹುದು. ದೊಡ್ಡದನ್ನು ಬೇರೆ ತೊಟ್ಟಿಗೆ ಹಾಕಿದರೆ, ಬೂದಾಗಿದ್ದ ಗಂಡು ನಿಧಾನವಾಗಿ ನೀಲಿಯಾಗುತ್ತದೆ!

ಈಗ ಯೋಚಿಸಿ. "ನೀಲಿಯಾದದ್ದು ಗಂಡು" ಎಂಬ ಮಾತು ಸರಿ. "ನೀಲಿಯಾಗದ್ದೆಲ್ಲ ಹೆಣ್ಣು" ಎಂಬ ಮಾತು ಸರಿಯೇ? ಅಲ್ಲ. ಲಕ್ಷಣ ಕಾಣದಿದ್ದ ಮಾತ್ರಕ್ಕೆ ತೀರ್ಮಾನ ಹೇಳಬಾರದು.

ಬೇರೆ ಸುಳಿವುಗಳು

1. ಅನೇಕ ಸಿಕ್ಲಿಡ್ ಜಾತಿಗಳಲ್ಲಿ ಗಂಡಿನ ಹೊಟ್ಟೆಯ ಹಿಂಭಾಗದ ಈಜುರೆಕ್ಕೆಯ ಮೇಲೆ ಮೊಟ್ಟೆಯಂಥ ಹಳದಿ ಚುಕ್ಕೆಗಳಿರುತ್ತವೆ. ಆದರೆ ಕೆಲವು ಜಾತಿಗಳ ಹೆಣ್ಣಿಗೂ ಚುಕ್ಕೆಗಳಿವೆ. ಹಾಗಾಗಿ ಇದೊಂದನ್ನೇ ನಂಬುವಂತಿಲ್ಲ.
2. ಒಂದೇ ವಯಸ್ಸಿನವುಗಳಲ್ಲಿ ಗಂಡು ಸಾಮಾನ್ಯವಾಗಿ ದೊಡ್ಡದು. ಆದರೆ ಆಹಾರ ಸಾಲದ ಗಂಡೂ ಚಿಕ್ಕದಿರಬಹುದು.
3. ಅನುಭವಿಗಳು ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಹೊಟ್ಟೆಯ ಕೆಳಗಿನ ಎರಡು ರಂಧ್ರಗಳನ್ನು ನೋಡುತ್ತಾರೆ. ಮೊಟ್ಟೆ ಹೊರಬರಬೇಕಾದ್ದರಿಂದ ಹೆಣ್ಣಿನ ಹಿಂದಿನ ರಂಧ್ರ ಅಗಲವಾಗಿರುತ್ತದೆ.
4. ಈ ಜಾತಿಯ ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಸುಮಾರು ಮೂರು ವಾರ ಕಾಯುತ್ತದೆ. ಗಂಟಲು ಉಬ್ಬಿ, ಬಾಯಲ್ಲಿ ಮೊಟ್ಟೆ ಕಂಡರೆ ಅದು ಖಂಡಿತ ಹೆಣ್ಣು.

ನೀರು ಕದಡಿದರೆ?

ಬಣ್ಣ ಗುರುತಿಸುವುದು ನಮಗಿಂತ ಮೀನುಗಳಿಗೇ ಮುಖ್ಯ. ವಿಕ್ಟೋರಿಯಾ ಸರೋವರದಲ್ಲಿ ಹೆಣ್ಣು ಸಿಕ್ಲಿಡ್‌ಗಳು ತಮ್ಮ ಜಾತಿಯ ಗಂಡನ್ನು ಬಣ್ಣದಿಂದ ಗುರುತಿಸುತ್ತವೆ. ಕೊಳಕು ಸೇರಿ ನೀರು ಕದಡಿದಾಗ ಬಣ್ಣ ಸರಿಯಾಗಿ ಕಾಣದೆ, ಬೇರೆ ಬೇರೆ ಜಾತಿಗಳು ಬೆರೆತು ವೈವಿಧ್ಯ ಕಡಿಮೆಯಾಗುತ್ತಿದೆ ಎಂದು ವಿಜ್ಞಾನಿಗಳು 1997ರಲ್ಲಿ ತಿಳಿಸಿದರು. ನೀರು ತಿಳಿಯಾಗಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನೀವೇ ನೋಡಿ

ನಮ್ಮ ಕೆರೆಗಳ ಜಿಲೇಬಿ ಮೀನು ಕೂಡ ಆಫ್ರಿಕ ಮೂಲದ ಸಿಕ್ಲಿಡ್. ಮೊಜಾಂಬಿಕ್ ತಿಲಾಪಿಯ ಎಂಬ ಜಾತಿಯನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಮರಿ ಮಾಡುವ ಕಾಲದಲ್ಲಿ ಅದರ ಗಂಡು ಕಪ್ಪಾಗುತ್ತದೆ, ಗಂಟಲ ಭಾಗ ಮಾತ್ರ ಬೆಳ್ಳಗಿರುತ್ತದೆ. ಹಿರಿಯರೊಂದಿಗೆ ಸಂತೆಗೆ ಹೋದಾಗ ಈ ಮೀನುಗಳನ್ನು ಗಮನಿಸಿ. ಪುಸ್ತಕದಲ್ಲಿ ಮೂರು ಕಲಮು ಬರೆಯಿರಿ: ಗಂಡು, ಹೆಣ್ಣು, ಈಗಲೇ ಹೇಳಲಾಗದು. ಮೂರನೆಯ ಕಲಮು ತುಂಬಿದರೆ ನಾಚಿಕೆ ಬೇಡ. ಸಾಕಷ್ಟು ಆಧಾರ ಸಿಗುವವರೆಗೆ ಕಾಯುವುದೂ ವಿಜ್ಞಾನವೇ!